ಇಂಡೆಫಿನಿಟ್ ಮಾರ್ಗದ ಬಸ್ಸು

ತ್ರಿತಾಲೂಕು ಖಾಸಗಿ ಬಸ್ ಮಾಲಕರ ಸಂಘದ ಹಾವೇರಿ ನಿಲ್ದಾಣದಲ್ಲಿ ಬಸ್ಸುಗಳು ತಡವಾಗುವುದನ್ನು ಕಾರ್ಯದರ್ಶಿ ಸಿದ್ದಲಿಂಗೇಶ ಅವರು ಯುಗಾದಿಯ ಮರುದಿನದಿಂದ ಸಂಪೂರ್ಣವಾಗಿ ನಿಲ್ಲಿಸಿದರು. ಬಸ್ಸುಗಳು ಮೊದಲಿನಂತೆಯೇ ಬರುತ್ತಿದ್ದವು; ‘ತಡ’ ಎಂಬ ಶಬ್ದವನ್ನು ಮಾತ್ರ ನಿಷೇಧಿಸಲಾಗಿತ್ತು. ಸುತ್ತೋಲೆಯ ಪ್ರಕಾರ, ಸಂಘದ ಘನತೆಗೆ ತಕ್ಕ ಉನ್ನತ ದರ್ಜೆಯ ಇಂಗ್ಲಿಷ್ ಶಬ್ದಗಳನ್ನು ಸಿಬ್ಬಂದಿ ಕಲಿಯತಕ್ಕದ್ದು, ಕಲಿತದ್ದನ್ನು ಮೈಕಿನಲ್ಲಿ ಬಳಸತಕ್ಕದ್ದು, ಅರ್ಥವನ್ನು ಕಚೇರಿಯೊಳಗೇ ಕಾಪಾಡತಕ್ಕದ್ದು.

ಮೈಕಿನ ಮುಂದೆ ಕೂಡುವವಳು ಬ್ಯಾಡಗಿಯ ಹುಮಾ. ಅವಳಿಗೆ ಕಲಿಯುವುದೆಂದರೆ ಇಷ್ಟ. ರೊಟ್ಟಿ ಬಡಿಯುತ್ತ ‘ಇನೆವಿಟೆಬಲ್’ ಕಲಿತಳು. ಬಸ್ಸಿನ ಕಿಟಕಿಗೆ ತಲೆ ಆನಿಸಿಕೊಂಡು ‘ಅನ್‌ಪ್ರೆಸಿಡೆಂಟೆಡ್’ ಕಲಿತಳು. ಇನ್ನು ‘ಇಂಡೆಫಿನಿಟ್’, ಅಂದರೆ ಯಾವಾಗ, ಎಷ್ಟು ಎಂದು ಹೇಳಲಾಗದ್ದು. ಆ ಶಬ್ದದ ಮೇಲೆ ಅವಳಿಗೆ ವಿಶೇಷ ಪ್ರೀತಿ ಹುಟ್ಟಿತು, ಏಕೆಂದರೆ ಅದು ಸಂಘದ ಎಲ್ಲ ಬಸ್ಸುಗಳಿಗೂ ಒಪ್ಪುತ್ತಿತ್ತು.

“ಕರ್ಜಗಿ ಬಸ್, ಇಂಡೆಫಿನಿಟ್,” ಎಂದು ಘೋಷಿಸಿದಳು.

ಉಚ್ಚಂಗೆವ್ವ ಎಂಬ ಮುದುಕಿ ಬುಟ್ಟಿ ಹೊತ್ತು ಹುಮಾಳ ಕಿಟಕಿಯ ಹತ್ತಿರ ಬಂದಳು. ಅಂದು ಕರ್ಜಗಿಯಲ್ಲಿ ಬಸುರಿ ಮೊಮ್ಮಗಳ ಕುಬಸ, ಅಂದರೆ ಸೀಮಂತ. ಬುಟ್ಟಿಯಲ್ಲಿ ಹಸಿರು ಸೀರೆ, ಹೋಳಿಗೆ. “ಇಂಡಿ ಅನ್ನೂ ಊರು ಕೇಳೇನವ್ವಾ, ವಿಜಾಪುರದ ಕಡೆ. ಇಂಡೆಫಿನಿಟ್ ಯಾವ ಕಡೆ ಬರತೈತಿ? ಬಸ್ಸು ಅಲ್ಲಿಗೆ ಹೋಗಿ ಕರ್ಜಗಿಗೆ ಬರತೈತೇನು?”

ಹುಮಾ ಹೇಳಲೆಂದು ಬಾಯಿ ತೆರೆದಳು. ಆದರೆ ಅರ್ಥ ಹೇಳುವ ಅಧಿಕಾರ ಅವಳಿಗಿರಲಿಲ್ಲ. “ತುಸು ಕುಂದರಬೇ ಯಮ್ಮಾ,” ಎಂದಳು.

ಮಧ್ಯಾಹ್ನದ ಹೊತ್ತಿಗೆ ಹೋಳಿಗೆ ಬೆವೆತವು. ಮುದುಕಿ ಸೆರಗಿನಿಂದ ಬುಟ್ಟಿಗೆ ಗಾಳಿ ಹಾಕುವುದನ್ನು ನೋಡಲಾರದೆ ಹುಮಾ ಮೈಕಿಗೇ ಬಾಯಿ ಹಚ್ಚಿದಳು: “ಯಮ್ಮಾ, ಇಂಡೆಫಿನಿಟ್ ಅಂದ್ರ ಊರಲ್ಲ. ಬಸ್ಸು ಯಾವಾಗ ಬರತೈತೋ ನಮಗ ಗೊತ್ತಿಲ್ಲ ಅಂತ ಅದರರ್ಥ!”

ನಿಲ್ದಾಣವೆಲ್ಲ ನಕ್ಕಿತು. ಯಾರೂ ನಂಬಲಿಲ್ಲ.

“ಗೊತ್ತಿಲ್ಲ ಅನ್ನಾಕ ಇಷ್ಟು ದೊಡ್ಡ ಶಬ್ದ ಯಾಕ ಬೇಕ್ರಿ?” ಎಂದ ಅಗಡಿಯ ಒಬ್ಬ ರೈತ. “ದಿನಾ ಊರ ಹೆಸರು ಕೂಗತೀರಿ, ಅಲ್ಲಿಗೊಂದು ಬಸ್ಸು ಬಿಡಾಕ ಏನು ಧಾಡಿ?”

“ಖರೇ ಐತಿ! ಇಂಡೆಫಿನಿಟ್‌ಗೆ ಬಸ್ಸು ಬಿಡ್ರಿ!” ಎಂದು ಮಂದಿ ಕೂಗಿತು.

ಸಿದ್ದಲಿಂಗೇಶರು ಹೊರಗೆ ಬಂದರು. ಮೊದಲು ಹುಮಾಳಿಗೆ, “ಮೇಡಮ್, ಅರ್ಥ ಸೋರಿಕೆ ಮಾಡೀರಿ,” ಎಂದು ನೋಟಿಸು ಕೊಟ್ಟರು. ಬಳಿಕ ಸಾರ್ವಜನಿಕ ಬೇಡಿಕೆಯನ್ನು ಪರಿಶೀಲಿಸಿ, ನಿಂತಲ್ಲೇ ತುರ್ತು ಸಭೆ ನಡೆಸಿ, ಮಾರ್ಗವನ್ನು ಮಂಜೂರು ಮಾಡಿದರು. ಮೂಲೆಯಲ್ಲಿ ನಿಂತಿದ್ದ ಬಸ್ಸಿಗೆ ಹೊಸ ಬೋರ್ಡು ಏರಿತು.

“ಎಲ್ಲಿಗೆ ಹೊಡೀಲಿ ಸಾಹೇಬ್ರ?” ಎಂದು ಚಾಲಕ ನಬಿಸಾಬ ಕೇಳಿದ.

“ಮಂದಿ ಎಲ್ಲಿ ಇಳೀತಾರೋ, ಅದ ಇಂಡೆಫಿನಿಟ್.”

ಮಂದಿ ಕರ್ಜಗಿಯಲ್ಲಿ ಇಳಿಯಿತು. ಹೊತ್ತು ಮುಳುಗುವ ಮುನ್ನ ಕುಬಸವೂ ಆಯಿತು. ಮರಳಿ ಬಂದ ಉಚ್ಚಂಗೆವ್ವ, “ಇಂಡೆಫಿನಿಟ್ ಥೇಟ್ ಕರ್ಜಗಿ ಇದ್ದಂಗ ಐತಿ. ಮಂದಿನೂ ಅವರ ಅದಾರ,” ಎಂದು ಎಲ್ಲರಿಗೂ ಹೇಳಿದಳು.

ಇಂಡೆಫಿನಿಟ್ ಊರು ತಮ್ಮ ತಾಲೂಕಿಗೇ ಸೇರಬೇಕೆಂದು ರಾಣೆಬೆನ್ನೂರಿನವರು ಮನವಿ ಸಲ್ಲಿಸಿದರು. ಅಲ್ಲಿಯ ಮೆಣಸಿನಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎಂದು ಬ್ಯಾಡಗಿಯ ವರ್ತಕರು ದರ ಕಟ್ಟಿದರು. ಕರ್ಜಗಿಯವರು ಮೊದಮೊದಲು ತಕರಾರು ಮಾಡಿದರಾದರೂ, ಹಳೆಯ ಹೆಸರಿನಲ್ಲಿ ಎಂದೂ ಬರದ ಬಸ್ಸು ಹೊಸ ಹೆಸರಿನಲ್ಲಿ ಬರುತ್ತಿರುವುದನ್ನು ಕಂಡು ಸುಮ್ಮನಾದರು. ತಾನು ಅರ್ಥವನ್ನು ತಪ್ಪಾಗಿ ತಿಳಿದುಕೊಂಡಿದ್ದೆನೆಂದು ಹುಮಾ ನೋಟಿಸಿಗೆ ಉತ್ತರ ಬರೆದು ನೌಕರಿ ಉಳಿಸಿಕೊಂಡಳು.

ಒಂದು ಸಂಜೆ ಅವಳ ತಾಯಿ ಅಕ್ಬರಬಿ ಚಹಾ ಕೊಡುತ್ತ ಹೇಳಿದಳು: “ಬೇಟಿ, ಒಂದು ಸಂಬಂಧ ಬಂದೈತಿ. ಹುಡುಗ ಚಲೋ ಅದಾನ. ಹೊಲ ಐತಿ, ಕಿರಾಣಿ ಅಂಗಡಿ ಐತಿ. ಊರು ಇಂಡೆಫಿನಿಟ್ ಅಂತ.”

ಹುಮಾ ಚಹಾದ ಬಟ್ಟಲನ್ನು ಕೆಳಗಿಟ್ಟಳು.

“ಬರಾಕ ಹೇಳು ಅಮ್ಮೀ,” ಎಂದಳು. “ಆ ಊರಿಗೆ ಬಸ್ಸಿನ ಅನುಕೂಲ ಭಾಳ ಚಲೋ ಐತಿ.”