ರೇಡಿಯೋ ಎರಡು, ಲೈಸನ್ಸ್ ಒಂದು

ಕಾನೂನು ಎಷ್ಟೇ ನೆಟ್ಟಗಿರಲಿ, ಜನರ ಹೊಸ್ತಿಲು ದಾಟಿದ ಕೂಡಲೇ ಅದಕ್ಕೆ ಬೇರೆಯೇ ಅರ್ಥ ಹುಟ್ಟುತ್ತದೆ. ಎಪ್ಪತ್ತರ ದಶಕದಲ್ಲಿ ವಿಜಾಪುರದ ಅಂಚೆ ಕಚೇರಿಯಲ್ಲಿದ್ದ ನಾನು ಇದನ್ನು ದಿನಾ ಕಾಣುತ್ತಿದ್ದೆ. ಆಗ ರೇಡಿಯೋಕ್ಕೂ ಲೈಸನ್ಸ್ ಬೇಕಿತ್ತು; ಒಂದೇ ಮನೆಯಲ್ಲಿ ಎರಡಿದ್ದರೆ ಎರಡಕ್ಕೂ ಬೇಕು. ಊರೂರು ತಿರುಗಿ ಅದನ್ನು ತಪಾಸಣೆ ಮಾಡುವ ಕೆಲಸ ನನ್ನದು. ತಿರುಗಾಟವೆಂದರೆ ನನಗೆ ಪ್ರಾಣ. ಬಸ್ಸಿನಲ್ಲಿ ಕಿಟಕಿ ಸೀಟು, ಚೀಲದಲ್ಲಿ ನಮ್ಮ ಮನೆಯ ಸಣ್ಣ ಟ್ರಾನ್ಸಿಸ್ಟರ್, ಊರಿಗೊಂದು ಚಹಾ. ಆದರೆ ಲೈಸನ್ಸ್ ಇಲ್ಲದವರ ಪಟ್ಟಿಯಲ್ಲಿ ಒಂದು ಹೆಸರೂ ಬಿದ್ದಿರಲಿಲ್ಲ. ಒಂದು ದಿನ ನಮ್ಮ ಸಾಹೇಬರು ರೇಗಿದರು: "ಈ ತಿಂಗಳು ಒಂದ್ ಹೆಸರಾದ್ರೂ ತರ್ರಿ. ಇಲ್ಲಾಂದ್ರ ಇಲ್ಲೇ ಕುಂತು ಕಾಗದಕ್ಕ ಶಿಕ್ಕಾ ಹೊಡೀರಿ."

೧. ಬೇಸರಗೊಂಡ ರೇಡಿಯೋ

ಸ್ಟೇಷನ್ ರಸ್ತೆಯ ದರ್ಜಿಯ ಅಂಗಡಿಯಲ್ಲಿ ರೇಡಿಯೋ ಜೋರಾಗಿ ಹಾಡುತ್ತಿತ್ತು. ಆತ ತೋರಿಸಿದ್ದು ಮನೆಯ ಲೈಸನ್ಸ್. ಅಂಗಡಿಗೆ ಬೇರೆ ಬೇಕು ಎಂದೆ.

"ಇದು ಮನಿ ರೇಡಿಯೋನ ರೀ. ಮನ್ಯಾಗ ಕುಂತು ಕುಂತು ಬ್ಯಾಸರ ಆಗಿತ್ತು, ಕರ್ಕೊಂಡು ಬಂದೇನಿ."

"ಮತ್ತ ಗ್ವಾಡಿಗೆ ಮೊಳಿ ಹೊಡದು ಕಟ್ಟೀರಲ್ಲ?"

ಆತ ಸೂಜಿಗೆ ದಾರ ಪೋಣಿಸುತ್ತಲೇ ಅಂದ: "ತಿರುಗಿ ಮನಿಗೆ ಓಡಿ ಹೋಗಬಾರದಲ್ರಿ!"

೨. ಮೂರು ಹೊಟ್ಟೆ

ಟಿಕೋಟಾದ ವಾಡೆಯೊಂದರಲ್ಲಿ ಮೂವರು ಅಣ್ಣತಮ್ಮಂದಿರು, ಮೂರು ಒಲೆ, ಮೂರು ರೇಡಿಯೋ. ಲೈಸನ್ಸ್ ಮಾತ್ರ ಒಂದು.

"ನಾವು ಬ್ಯಾರಿ ಆಗಿಲ್ರಿ. ಒಂದ ಮನಿ, ಮೂರೂ ರೇಡಿಯೋಕ್ಕ ಒಂದ ಸ್ಟೇಶನ್ ಹಚ್ತೇವಿ," ಎಂದ ಹಿರಿಯಣ್ಣ.

ಸಿಕ್ಕಿಬಿದ್ದ ಅಂದುಕೊಂಡು ಕೇಳಿದೆ: "ಒಂದ ಮನಿ ಆದ್ರ ರೇಷನ್ ಕಾರ್ಡ್ ಯಾಕ ಮೂರು?"

"ಹೊಟ್ಟಿ ಬ್ಯಾರಿ ಬ್ಯಾರಿ ಹಸೀತಾವ್ರಿ. ಹಾಡು ಎಲ್ಲಾರಿಗೂ ಒಂದ ಕೇಳ್ತೈತಿ!"

ಇಂಥ ಬುದ್ಧಿಗೆ ಕೈ ಮುಗಿಯದೆ ಇರಲಾದೀತೇ? ಸೋಮವಾರ ಇನ್ನೆರಡು ಲೈಸನ್ಸ್ ಮಾಡಿಸುತ್ತೇವೆಂದು ಮಾತು ಕೊಟ್ಟರು. ನಾನು ಪಟ್ಟಿ ಮಡಚಿಟ್ಟು ಮೂರೂ ಒಲೆಯ ಚಹಾ ಕುಡಿದು ಬಂದೆ.

೩. ಅಜ್ಜಿಯ ತಪಾಸಣೆ

ತಿಂಗಳು ಮುಗಿಯಲು ಒಂದೇ ದಿನ. ಬಬಲೇಶ್ವರದಲ್ಲಿ ಬಳೆ ಮಾರುವ ಮುಸ್ಲಿಂ ಅಜ್ಜಿಯ ಮನೆಗೆ ಹೋದೆ. ಅಕ್ಷರ ಬಾರದ ಆಕೆ ಪೆಟ್ಟಿಗೆಯಿಂದ ಅರಿವೆಯಲ್ಲಿ ಸುತ್ತಿದ ಲೈಸನ್ಸ್ ಪುಸ್ತಕ ತೆಗೆದಳು. ಒಂದು ವರ್ಷವೂ ತಪ್ಪಿರಲಿಲ್ಲ. ನನಗೆ ನಿಜಕ್ಕೂ ಅಭಿಮಾನ ಉಕ್ಕಿತು.

"ಒಂದ್ ರೇಡಿಯೋಕ್ಕ ಒಂದ್ ಪುಸ್ತಕ. ಹೌದಲ್ಲೋ ತಮ್ಮಾ?"

"ಹೌದಮ್ಮಾ, ಎಲ್ಲಾರೂ ನಿಮ್ಮಂಗ ಇರಬೇಕು ನೋಡ್ರಿ," ಎಂದು ಚೀಲವನ್ನು ನೆಲಕ್ಕಿಟ್ಟೆ. ಗುಂಡಿ ಎಲ್ಲಿಗೆ ತಾಗಿತೋ ಏನೋ, ಚೀಲದೊಳಗಿಂದ ಯಾರೋ ಜೋಳಕ್ಕೆ ಔಷಧ ಹೊಡೆಯುವ ಬಗೆ ವಿವರಿಸತೊಡಗಿದರು.

ಅಜ್ಜಿ ಚೀಲ ನೋಡಿದಳು, ನನ್ನನ್ನು ನೋಡಿದಳು. "ಇದರ ಪುಸ್ತಕ ಎಲ್ಲೈತಿ?"

ನಮ್ಮ ಮನೆಯಲ್ಲಿ ಲೈಸನ್ಸ್ ಇದ್ದದ್ದು ದೊಡ್ಡ ರೇಡಿಯೋಕ್ಕೆ ಮಾತ್ರ. "ಇದು ಮನಿ ರೇಡಿಯೋನ ಅಮ್ಮಾ, ಜೋಡಿಗಿರಲಿ ಅಂತ ಕರ್ಕೊಂಡು ಬಂದೇನಿ," ಎಂದೆ. ದರ್ಜಿಯ ಮಾತು ನನ್ನ ಬಾಯಲ್ಲಿ! ಅದು ನಡೆಯಲಿಲ್ಲ. "ಎರಡಕ್ಕೂ ಒಂದ ಸ್ಟೇಶನ್ ಹಚ್ತೇವಿ..." ಅದೂ ನಡೆಯಲಿಲ್ಲ.

ಅಜ್ಜಿ ಪಟ್ಟಿಯ ಮೇಲಿದ್ದ ಪೆನ್ನು ಎತ್ತಿ ನನ್ನ ಕೈಯಲ್ಲಿಟ್ಟಳು. "ಬರಕೋ."

ಬರೆದುಕೊಂಡೆ. ಮರುದಿನ ಸಾಹೇಬರು ಪಟ್ಟಿ ಓದಿ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಆಡಿದ ಮಾತಿನಂತೆ ತಿರುಗಾಟವನ್ನು ನನಗೇ ಉಳಿಸಿದರು. ಆದರೆ ಇಡೀ ಕಚೇರಿಗೆ ಕೇಳುವಂತೆ ಅಂದರು:

"ತಿಂಗಳೆಲ್ಲಾ ತಿರುಗಿ ಒಂದ್ ಹೆಸರು ತಂದಾರ್ರಿ. ಅದನ್ನೂ ಇಲ್ಲಿಂದನ ಒಯ್ದಿದ್ರು!"