ಯಂತ್ರಕ್ಕೆ ನಾನು ಮಾಡಿದ ಶಿಫಾರಸು

ನನ್ನ ಮೊಮ್ಮಗಳು ಶ್ರಾವ್ಯಳಿಗೆ ಕೆಲಸ ಸಿಕ್ಕಿತು! ವಡೋದರಾದ ಮೊಸರಿನ ಕಂಪನಿಯಲ್ಲಿ, ಬಿಳಿ ಕೋಟು ತೊಟ್ಟು ಪರೀಕ್ಷೆ ಮಾಡುವ ಕೆಲಸ. ಗುಜರಾತಿ ಬಡಾವಣೆ ಅಡಾಜಣ್‌ನ ನಮ್ಮ ಉಡುಪಿ ಹೋಟೆಲಿಗೆ ಇಂದು ಬಂದ ಗಿರಾಕಿಗಳಿಗೆಲ್ಲ ನಾನೇ ಮೇಜಿನ ಬಳಿ ಹೋಗಿ ತಿಳಿಸಿದೆ. ಒಬ್ಬರು ಎರಡು ಸಲ ಕೇಳಿಸಿಕೊಂಡು, ಇಡ್ಲಿ ಯಾವಾಗ ಬರುತ್ತದೆ ಎಂದು ವಿಚಾರಿಸಿದರು.

ಈ ಕಾರ್ಯದಲ್ಲಿ ನನ್ನ ಪಾತ್ರ ಬಹಳ ದೊಡ್ಡದು. ಕೆಲಸ ತಪ್ಪಿಹೋಗಲು ಬೇಕಾದದ್ದನ್ನೆಲ್ಲ ಮಾಡಿದವನು ನಾನೇ.

ಹುಡುಗಿ ಸೂಕ್ಷ್ಮಜೀವಿಗಳ ಬಗ್ಗೆ ಎಂ.ಎಸ್ಸಿ. ಓದಿ ಮನೆಯಲ್ಲಿದ್ದಳು. "ದೀಪಾವಳಿಯೊಳಗೆ ಕೆಲಸ ಆಗದಿದ್ದರೆ ಹೋಟೆಲಿನ ಕ್ಯಾಶಿನಲ್ಲಿ ಕೂರು" ಎಂದು ಅವಳಪ್ಪ, ಅಂದರೆ ನನ್ನ ಮಗ, ಹೇಳಿಬಿಟ್ಟಿದ್ದ. ಅವಳು ಫೋನಿನ ಒಂದು ಆ್ಯಪಿನಲ್ಲಿ ಹೆಸರು ಹಾಕಿದಳು. ಕೆಲಸ ಬೇಕಾದವರ ಗುಣ, ಕಂಪನಿಯವರ ಬೇಡಿಕೆ ಎರಡನ್ನೂ ಓದಿ ಯಂತ್ರವೇ ಜೋಡಿ ಮಾಡುತ್ತದಂತೆ. ಲಕ್ಷಗಟ್ಟಲೆ ಜೋಡಿ ನೋಡಿ ನೋಡಿ ಕಲಿತದ್ದಂತೆ. ನನಗೆ ಗೌರವ ಬಂತು. ಮಗ್ಗಿಯನ್ನು ನೋಡಿ ನೋಡಿಯೂ ಕಲಿಯದವನು ನಾನು.

ಒಂದು ದಿನ ಅವಳು ಫೋನು ತೆರೆದಿಟ್ಟು ಸ್ನಾನಕ್ಕೆ ಹೋಗಿದ್ದಳು. ಅದು ಹಿಂದಿಯಲ್ಲಿ ಕೇಳಿತು: "ನಿಮ್ಮ ಬಗ್ಗೆ ಇನ್ನಷ್ಟು ಹೇಳುವಿರಾ?" ಇಷ್ಟು ವಿನಯದಿಂದ ಕೇಳಿದರೆ ಹೇಳದಿರುವುದು ಹೇಗೆ?

ಊರಿನಿಂದ ಹೋಟೆಲಿಗೆ ಜನ ಕಳಿಸುವಾಗ ಹೊಗಳಿಯೇ ಕಳಿಸುವುದು ನಮ್ಮ ಕಡೆಯ ಕ್ರಮ. ಅದರಲ್ಲಿ ಅರ್ಧ ಕಳೆದು ಕೇಳುವುದು ಮಾಲೀಕರ ಕ್ರಮ. ಅದರಂತೆ ಹೊಗಳಿದೆ; ಫೋನು ಎಲ್ಲವನ್ನೂ ಬರೆದುಕೊಂಡಿತು. ಹುಡುಗಿ ಕೋಳಿ ಕೂಗುವ ಮೊದಲೇ ಏಳುತ್ತಾಳೆ. ಎರಡು ಒಲೆ ಒಟ್ಟಿಗೆ ನೋಡಿಕೊಳ್ಳುತ್ತಾಳೆ. ಹಿಟ್ಟು ಹುಳಿ ಬಂತೋ ಇಲ್ಲವೋ ಮುಚ್ಚಳ ತೆಗೆಯದೆ ವಾಸನೆಯಲ್ಲೇ ಹೇಳುತ್ತಾಳೆ. ಎಷ್ಟು ಜನ ಬಂದರೂ ಮುಖ ಗಂಟಿಕ್ಕುವುದಿಲ್ಲ. ನಿಜದಲ್ಲಿ ಶ್ರಾವ್ಯಳನ್ನು ಎಬ್ಬಿಸಲು ನಮ್ಮ ಮನೆಯಲ್ಲಿ ಇಬ್ಬರು ಬೇಕು.

ಮರುದಿನದಿಂದ ಕರೆಗಳು ಶುರುವಾದವು. ಇದೇ ನಗರದ ವರಾಛಾದ ಅಡುಗೆ ಕಂಟ್ರಾಕ್ಟರ್ ಒಬ್ಬ, "ಬೆಹೆನ್, ಮದುವೆ ಸೀಸನ್ನಿಗೆ ಬನ್ನಿ, ಪಾತ್ರೆ ನಮ್ಮದೇ" ಎಂದ. ಅಹಮದಾಬಾದಿನ ಕ್ಯಾಂಟೀನಿನವರು, "ದಿನಕ್ಕೆ ಎಷ್ಟು ದೋಸೆ ಹುಯ್ಯುತ್ತೀರಿ?" ಎಂದರು. ಪ್ರಯೋಗಾಲಯದವರು ಒಬ್ಬರೂ ಕರೆಯಲಿಲ್ಲ.

"ಅಜ್ಜಾ, ಆಪ್ ನೇ ಕ್ಯಾ ಬೋಲಾ? ಮಷೀನ್ ನನ್ನನ್ನು ಕುಕ್ ಮಾಡಿ ಬಿಟ್ಟಿದೆ."

"ಸ್ವಲ್ಪ ಹೊಗಳಿದ್ದು ಮಾರಾಯ್ತಿ. ಅರ್ಧ ಕಳೆಯುತ್ತಾರಲ್ಲ."

"ಮಷೀನಿಗೆ ಕಳೆಯೋದು ಬರಲ್ಲ ಅಜ್ಜಾ. ಅದು ಸಬ್ ಕುಛ್ ನಂಬುತ್ತೆ."

ಅವಳ ಕಣ್ಣಲ್ಲಿ ನೀರು. ನನ್ನ ಮಾತನ್ನೆಲ್ಲ ಅಳಿಸಲು ಅವಳು ಕೂತಿರುವಾಗಲೇ ವಡೋದರಾದಿಂದ ಕರೆ ಬಂತು. ಅವಳ ಸೂಕ್ಷ್ಮಜೀವಿಗೂ ನನ್ನ ಹುಳಿ ಹಿಟ್ಟಿಗೂ ಗಂಟು ಹಾಕಿ ಯಂತ್ರ ಮೊಸರಿನವರಿಗೆ ಒಪ್ಪಿಸಿತ್ತು!

ಸಂದರ್ಶನದಲ್ಲಿ ಮೊದಲ ಪ್ರಶ್ನೆಯೇ, "ಮುಚ್ಚಳ ತೆಗೆಯದೆ ಹೇಳುತ್ತೀರಾ?" ಎಂಬುದು. ಶ್ರಾವ್ಯ, "ಅದು ನಾನಲ್ಲ, ನನ್ನ ಅಜ್ಜಿ. ಅಜ್ಜ ಸುಳ್ಳು ಹೇಳಿದ್ದಾರೆ. ಆದರೆ ಹುಳಿ ಯಾಕೆ ಬರುತ್ತದೆ ಎಂದು ನಾನು ಹೇಳಬಲ್ಲೆ" ಎಂದಳಂತೆ. ಅವರು ಸಾಕೆನ್ನುವವರೆಗೂ ಹೇಳಿದಳಂತೆ. ಇದ್ದದ್ದನ್ನು ಇದ್ದ ಹಾಗೆ ಹೇಳುವವರೇ ಪರೀಕ್ಷೆಗೆ ಬೇಕು ಎಂದು ಅವರು ಕೆಲಸ ಕೊಟ್ಟರು.

ಸಂಜೆ ಹೋಟೆಲು ಬೇಗ ಮುಚ್ಚಿ, ಮೇಜು ಜೋಡಿಸಿ, ಎಲೆ ಹಾಕಿ ಎಲ್ಲರೂ ಊಟಕ್ಕೆ ಕೂತೆವು. ನನ್ನ ಹೆಂಡತಿ ಗಿರಿಜೆ ಬಡಿಸಲು ನಿಂತಳು. "ಅಪ್ಪ ಯಂತ್ರಕ್ಕೆ ಹೇಳಿದ್ದು ಎಂತ, ಓದು ನೋಡುವ" ಎಂದ ಮಗ. ಶ್ರಾವ್ಯ ಓದಿದಳು. ಗಿರಿಜೆಯ ಸೌಟು ನಿಂತಿತು.

"ಕೋಳಿಗಿಂತ ಮೊದಲು ಏಳುವುದು ನಾನು. ಎರಡು ಒಲೆಯೂ ನನ್ನದೇ. ಇದೆಲ್ಲ ನಿಮಗೆ ಗೊತ್ತಿತ್ತಾ? ನನ್ನ ಹತ್ತಿರ ಉಪ್ಪು ಕಡಿಮೆ ಅಂತ ಮಾತ್ರ ಹೇಳಿದ್ದಲ್ವಾ?"

ನಾನು ಉಪ್ಪಿನಕಾಯಿಯನ್ನು ಬಹಳ ಶ್ರದ್ಧೆಯಿಂದ ನೋಡಿದೆ. ಅವಳು ಮೊಮ್ಮಗಳ ಪಕ್ಕ ಕೂತು, "ಇವತ್ತು ನೀವು ಬಡಿಸಿ" ಎಂದಳು.

ಹೋಟೆಲಿನ ಯಜಮಾನನಾದ ನಾನು ಗಂಭೀರವಾಗಿ ಎದ್ದೆ. ಎಲೆಯ ಯಾವ ಮೂಲೆಗೆ ಯಾವುದೆಂದು ತೋಚದೆ ಪಲ್ಯದ ಜಾಗಕ್ಕೆ ಪಾಯಸ ಸುರಿದೆ. ಅದು ಹರಿದು ಮಗನ ತೊಡೆಗಿಳಿಯಿತು. ನಗು ನಿಂತ ಮೇಲೆ ಶ್ರಾವ್ಯ ನನ್ನ ಕೈಹಿಡಿದು ಕೂರಿಸಿದಳು. ಬೇಕಾದದ್ದನ್ನು ಅವರವರೇ ಹಾಕಿಕೊಂಡು ಎಲ್ಲರೂ ಹೊಟ್ಟೆ ತುಂಬ ಉಂಡೆವು. ನನ್ನನ್ನು ಬಡಿಸುವ ಕೆಲಸಕ್ಕೆ ಇಟ್ಟುಕೊಳ್ಳುವ ಮಾತನ್ನು ಮಾತ್ರ ಯಾರೂ ಎತ್ತಲಿಲ್ಲ.