ಹನ್ನೆರಡನೇ ಮನೆಯ ಬಣ್ಣದ ಟೀವಿ

ಜೂನ್ ತಿಂಗಳ ಆ ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಲ್ಯಾಂಕಾಶೈರಿನ ನಮ್ಮ ಟೆಂಟರ್ ಬೀದಿಯ ತುದಿಯಲ್ಲಿ ಒಂದು ಹಸಿರು ವ್ಯಾನು ಬಂದು ನಿಂತಿತು. ಅದರ ನೆತ್ತಿಯ ಮೇಲೆ ಬಟ್ಟೆ ಒಣಗಿಸುವ ಚೌಕಟ್ಟಿನಂಥದ್ದು ಏನೋ ಇತ್ತು. ಬೀದಿಯ ಉಳಿದವರೆಲ್ಲ ಪರದೆ ಸರಿಸಿ ನೋಡಿ, ನಿಂತರೆ ನಿಂತಿರಲಿ ಎಂದು ಚಹಾ ಕುಡಿಯಲು ಹೋದರು. ಹನ್ನೆರಡನೇ ಮನೆಯ ಸೆಡ್ರಿಕ್ ಬಟರ್‌ವರ್ತ್ ಮಾತ್ರ ಕಿಟಕಿ ಬಿಟ್ಟು ಕದಲಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ ಅವನದು.

ಹಿತ್ತಲ ಗೋಡೆಯ ಮೇಲೆ ಪಕ್ಕದ ಹದಿನಾಲ್ಕನೇ ಮನೆಯ ಕ್ಲಾರೆನ್ಸ್ ಗ್ರಿಮ್‌ಶಾನ ತಲೆ ಎದ್ದಿತು.

"ನೋಡಿದ್ಯೇನೋ ಸೆಡ್ರಿಕ್ಕು? ಟೀವಿ ಹಿಡಿಯೋ ವ್ಯಾನು! ಲೈಸೆನ್ಸ್ ಇಲ್ದೆ ನೋಡೋರ್ನ ಒಳಗೇ ಕೂತು ಕಂಡುಹಿಡೀತಾರಂತೆ."

"ಹಿಡೀಲಿ ಬಿಡು. ನಂಗೇನು?"

"ನಂಗೂ ಏನಿಲ್ಲಪ್ಪ, ನನ್ನ ಹತ್ರ ಟೀವೀನೇ ಇಲ್ಲ. ಯಾಕೋ ನಿನ್ನ ಮುಖ ಸುಣ್ಣದ ಹಾಗಾಗಿದೆಯಲ್ಲ ಅಂತ ಕೇಳ್ದೆ."

ಆಗದೆ ಇನ್ನೇನು? ಫೆಬ್ರವರಿಯಲ್ಲಿ ಹೆಂಡತಿ ಮೂರಿಯಲ್ ಹನ್ನೆರಡು ಪೌಂಡು ಕೈಗಿಟ್ಟು, ಪೋಸ್ಟಾಫೀಸಿಗೆ ಹೋಗಿ ಬಣ್ಣದ ಟೀವಿಯ ಈ ವರ್ಷದ ಲೈಸೆನ್ಸ್ ಮಾಡಿಸಿಕೊಂಡು ಬಾ ಎಂದು ಕಳಿಸಿದ್ದಳು. ದಾರಿಯಲ್ಲಿ ಸಂತೆ. ಸಂತೆಯಲ್ಲಿ ಒಬ್ಬ ಪಾರಿವಾಳದವನು. ಫ್ರಾನ್ಸಿನಲ್ಲಿ ಬಿಟ್ಟರೂ ಸಾಯಂಕಾಲದೊಳಗೆ ಲ್ಯಾಂಕಾಶೈರಿಗೆ ಬಂದು ಇಳಿಯುವ ಹಕ್ಕಿ, ಹೆಸರು ರಾಕೆಟ್, ಪಂದ್ಯಕ್ಕೆ ಬಿಟ್ಟರೆ ಬಂಗಾರ ಎಂದ. ಸೆಡ್ರಿಕ್ ಆ ಹನ್ನೆರಡು ಪೌಂಡು ಕೊಟ್ಟು ಅದನ್ನು ಕೊಂಡು, ಎಂಟು ದಿನ ಕಲ್ಲಿದ್ದಲಿನ ಗೂಡಿನಲ್ಲಿ ಬಚ್ಚಿಟ್ಟು, ಒಂಬತ್ತನೆಯ ದಿನ ಗುಡ್ಡದ ಮೇಲಿಂದ ಹಾರಿಬಿಟ್ಟ. ರಾಕೆಟ್ ಹೋಯಿತು. ಹೋದದ್ದು ಹೋಗಿಯೇ ಹೋಯಿತು. "ಲೈಸೆನ್ಸ್ ಭದ್ರವಾಗಿಟ್ಟಿದೀನಿ" ಎಂದು ಮೂರಿಯಲ್‌ಗೆ ಹೇಳಿದ ಸುಳ್ಳಿಗೆ ಈಗ ನಾಲ್ಕು ತಿಂಗಳು ತುಂಬಿತ್ತು.

ಸಿಕ್ಕಿಬಿದ್ದವರ ಹೆಸರು ಶುಕ್ರವಾರದ ಪೇಪರಿನಲ್ಲಿ ಬರುತ್ತಿತ್ತು. ಕೋರ್ಟಿಗೆ ದಂಡ ಕಟ್ಟಿ ಬರಬಹುದು, ಅತ್ತೆ ಹೆಟ್ಟಿಗೆ ಏನು ಕಟ್ಟುವುದು? ಆಕೆ ಪ್ರತಿ ಭಾನುವಾರ ಮಧ್ಯಾಹ್ನದ ಊಟಕ್ಕೆ ಬಂದರೆ ರಾತ್ರಿಯ ಕೊನೇ ಬಸ್ಸಿಗೇ ಹೊರಡುವುದು. ಅದರಲ್ಲೂ ಇವತ್ತು ಏಳೂವರೆಯ ಧಾರಾವಾಹಿಯ ಹದಿಮೂರನೆಯ, ಕಟ್ಟಕಡೆಯ ಕಂತು. ಜಮೀನ್ದಾರನ ಮಗಳು ಕ್ಯಾಪ್ಟನ್ನನ್ನು ಮದುವೆಯಾಗುತ್ತಾಳೋ ಬಡ ಡಾಕ್ಟರನ್ನೋ ಎಂದು ಇಡೀ ಬೀದಿ ಮೂರು ತಿಂಗಳಿಂದ ಉಸಿರು ಬಿಗಿಹಿಡಿದಿತ್ತು.

ಮಧ್ಯಾಹ್ನ ಕುರಿಮಾಂಸ, ಪುದೀನಾ ಗೊಜ್ಜು ಮುಗಿಸಿ ಎಲ್ಲರೂ ಟೀವಿಯ ಮುಂದೆ ಕುಳಿತರು. ತೋಟಗಾರಿಕೆಯ ಕಾರ್ಯಕ್ರಮ. ಬಣ್ಣ ಕಂಡರೆ ತಾನೇ ವ್ಯಾನಿಗೆ ಅನುಮಾನ ಎಂದು ಸೆಡ್ರಿಕ್ ಮೆಲ್ಲಗೆ ಹೋಗಿ ಬಣ್ಣದ ಗುಂಡಿಯನ್ನು ಪೂರ್ತಿ ತಿರುಗಿಸಿಬಿಟ್ಟ.

"ಏನಿದು ಅಳಿಯಂದಿರೇ, ಗುಲಾಬಿ ಹೂವು ಬೂದಿ ಬಳ್ಕೊಂಡು ನಿಂತಿದೆ?" ಎಂದಳು ಹೆಟ್ಟಿ.

"ಬಣ್ಣ ಉಳಿಸ್ತಾ ಇದೀನಿ ಅತ್ತೆ. ಸಾಯಂಕಾಲದ ಮದುವೆಗೆ ಬೇಕಲ್ಲ."

"ಅದೇನು ಜಾಡಿಯೊಳಗಿನ ಉಪ್ಪಿನಕಾಯೇ, ತಿಂದಷ್ಟೂ ಖಾಲಿ ಆಗೋಕೆ?"

ಮೂರಿಯಲ್ ಹೆಣಿಗೆಯಿಂದ ತಲೆಯೆತ್ತಲಿಲ್ಲ. ಆದರೆ ಅವಳ ಸೂಜಿಗಳು ಒಂದು ಕ್ಷಣ ನಿಂತವು. ಅದನ್ನು ಕಂಡ ಸೆಡ್ರಿಕ್‌ಗೆ ಕೂತ ಕುರ್ಚಿ ಕಾದ ಹೆಂಚಾಯಿತು. ಗಾಳಿ ಕುಡಿದು ಬರುತ್ತೇನೆಂದು ಹೊರಗೆ ಬಿದ್ದ.

ವ್ಯಾನಿನ ಹತ್ತಿರ ಹೋಗಿ ಬೂಟಿನ ದಾರ ಕಟ್ಟಿದ. ಬಿಚ್ಚಿ ಮತ್ತೆ ಕಟ್ಟಿದ. ಐದನೆಯ ಸಲ ಕಟ್ಟುವಾಗ ಕಣ್ಣೆತ್ತಿದರೆ, ಕಿವಿಗೆ ಹೆಡ್‌ಫೋನ್ ಹಾಕಿಕೊಂಡ ಒಬ್ಬ ದುಂಡುಮುಖದವನು ಕಿಟಕಿಯಿಂದ ನಗುತ್ತಿದ್ದ. ತೊಡೆಯ ಮೇಲೆ ಉದ್ದನೆಯ ಪಟ್ಟಿ, ಕೈಯಲ್ಲಿ ಪೆನ್ಸಿಲು.

"ಹವಾ ಬಹಳ ಚೆನ್ನಾಗಿದೆ, ಅಲ್ವಾ ಸಾರ್?"

ನಮ್ಮೂರಿನ ಹವೆಯನ್ನು ಹೊಗಳುವವನು ಸರ್ಕಾರದವನೇ ಆಗಿರಬೇಕು. ಸೆಡ್ರಿಕ್‌ಗೆ ಇದ್ದಬದ್ದ ಅನುಮಾನವೂ ಕಳೆಯಿತು.

"ಯಾವ ಮನೆ ಸಾರ್ ನಿಮ್ದು?"

"ನಂದಾ? ನಂಗೆ... ನಂಗೆ ಮನೇನೇ ಇಲ್ಲ!" ಎಂದವನೇ ದಾರ ಕಟ್ಟದ ಬೂಟಿನಲ್ಲೇ ಓಡಿದ.

ಹಿತ್ತಲಲ್ಲಿ ಕ್ಲಾರೆನ್ಸ್ ಕಾಯುತ್ತಿದ್ದ. ಸೆಡ್ರಿಕ್‌ಗೆ ತಡೆಯಲಾಗಲಿಲ್ಲ, ಪಾರಿವಾಳದಿಂದ ಹಿಡಿದು ಎಲ್ಲವನ್ನೂ ಕಕ್ಕಿಬಿಟ್ಟ. ಇಲ್ಲಿ ಒಂದು ಮಾತು ಹೇಳಬೇಕು. ಹೋದ ತಿಂಗಳವರೆಗೆ ಕ್ಲಾರೆನ್ಸ್ ಪ್ರತಿ ಭಾನುವಾರ ಬಟರ್‌ವರ್ತರ ಮನೆಗೇ ಬಂದು ಧಾರಾವಾಹಿ ನೋಡುತ್ತಿದ್ದ. ನಿಮಿಷಕ್ಕೊಮ್ಮೆ "ಇವನ್ಯಾರು?" ಎಂದು ಕೇಳುತ್ತಾ, ಕೇಳುತ್ತಲೇ ಇಡೀ ಜೀರಿಗೆ ಕೇಕನ್ನು ಮುಗಿಸಿದ್ದಕ್ಕೆ ಹೆಟ್ಟಿ ಅವನಿಗೆ ಹೊಸ್ತಿಲು ತುಳಿಯಬೇಡ ಎಂದಿದ್ದಳು. ಅಲ್ಲಿಂದಾಚೆ ಪಾಪ, ಗೋಡೆಗೆ ಲೋಟ ಹಚ್ಚಿ ಕಥೆ ಕೇಳುತ್ತಿದ್ದ.

"ಹೆದರ್ಬೇಡ ಮಾರಾಯ," ಎಂದ ಕ್ಲಾರೆನ್ಸ್, "ಹೆಂಗಸರು ಆರು ಗಂಟೆಗೆ ಚರ್ಚಿಗೆ ಹೋಗ್ತಾರಲ್ಲ, ಆವಾಗ ಟೀವೀನ ನಮ್ಮನೇಲಿ ತಂದಿಡು. ಟೀವಿ ಇಲ್ಲದ ಮನೇಲಿ ಯಾರಾದ್ರೂ ಟೀವಿ ಹುಡುಕ್ತಾರಾ? ಸೆಟ್ಟು ರಿಪೇರಿಗೆ ಹೋಗಿದೆ ಅಂತ ಹೇಳು. ನಾಳೆ ವ್ಯಾನು ಹೋದ್ಮೇಲೆ ತಗೊಂಡು ಹೋಗು."

"ನೀನು ಯಾವಾಗಿಂದ ನನಗೆ ಇಷ್ಟು ಬೇಕಾದವನಾದೆ?"

"ನೆರೆಹೊರೆ ಅಂದ್ಮೇಲೆ ಕಷ್ಟಕ್ಕೆ ಆಗ್ಬೇಕಪ್ಪ," ಎಂದು ಕ್ಲಾರೆನ್ಸ್ ಕಣ್ಣು ತಪ್ಪಿಸಿದ.

ಸೆಡ್ರಿಕ್‌ಗೆ ಅನುಮಾನ ಬಾರದೆ ಇರಲಿಲ್ಲ. ಆದರೆ ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ. ಆರು ಗಂಟೆಗೆ ಹೆಂಗಸರು ಟೋಪಿ ಹಾಕಿಕೊಂಡು ಮುಂಬಾಗಿಲಿಂದ ಹೊರಟರು. ಐದು ನಿಮಿಷ ಬಿಟ್ಟು ಹಿಂಬಾಗಿಲಿಂದ ಟೀವಿ ಹೊರಟಿತು. ಎತ್ತಲಾರದ ಭಾರ, ಅದಕ್ಕೇ ಕ್ಲಾರೆನ್ಸ್ ಕಲ್ಲಿದ್ದಲು ಸಾಗಿಸುವ ಹಳೆಯ ಮಗುವಿನ ಗಾಡಿ ತಂದಿದ್ದ. ಟೀವಿಯನ್ನು ಅದರಲ್ಲಿ ಮಲಗಿಸಿ ಕಂಬಳಿ ಹೊದಿಸಿದರು. ಹಿತ್ತಲ ಓಣಿಯಲ್ಲಿ ಹತ್ತು ಹೆಜ್ಜೆಯ ದಾರಿ. ಐದನೆಯ ಹೆಜ್ಜೆಯಲ್ಲಿ ಎದುರಾದಳು ಇಪ್ಪತ್ತನೇ ಮನೆಯ ಶ್ರೀಮತಿ ಓಲರ್‌ಷಾ.

"ಅಯ್ಯೋ, ಮಗು! ಯಾರದ್ದು ಸೆಡ್ರಿಕ್?"

"ನ... ನನ್ನ ತಂಗೀದು. ನಿದ್ದೆ ಮಾಡ್ತಿದೆ. ಮುಟ್ಬೇಡಿ, ಮೈಮೇಲೆ ಅಮ್ಮ ಎದ್ದಿದೆ."

"ನಿಂಗೆ ತಂಗೀನೇ ಇಲ್ವಲ್ಲೋ!" ಆಕೆ ಬಗ್ಗಿ ನೋಡಿದಳು. "ಅದ್ಯಾಕೆ ಈ ಮಗೂಗೆ ವೈರು ನೇತಾಡ್ತಾ ಇದೆ?"

"ಡಾಕ್ಟರು ಹಾಕಿರೋದು," ಎಂದು ಕ್ಲಾರೆನ್ಸ್ ಗಾಡಿಯನ್ನು ಒಳಗೆ ನೂಕಿದ.

ಕ್ಲಾರೆನ್ಸನ ಕೋಣೆಯಲ್ಲಿ ನಾಲ್ಕು ಕುರ್ಚಿಗಳು ಒಂದು ಖಾಲಿ ಮೂಲೆಗೆ ಮುಖಮಾಡಿ ಸಾಲಾಗಿ ನಿಂತಿದ್ದವು. ಆ ಮೂಲೆಯ ಮೇಜಿನ ಮೇಲೆ ಮೊಲದ ಕಿವಿಯಂಥ ಎರಡು ಕಡ್ಡಿಯ ಆಂಟೆನಾ. ಪಕ್ಕದಲ್ಲಿ ತಟ್ಟೆ ತುಂಬ ಕೇಕು.

"ಇದೇನೋ ಇದು?"

"ಭಾನುವಾರ ಅಲ್ವೇನೋ," ಎಂದ ಕ್ಲಾರೆನ್ಸ್, ಬಾಗಿಲು ಹಾಕಿಕೊಳ್ಳುತ್ತಾ.

ಏಳೂ ಕಾಲಿಗೆ ಹೆಂಗಸರು ಬಂದರು. ಹೆಟ್ಟಿ ಟೋಪಿ ತೆಗೆಯದೆ ತನ್ನ ಕುರ್ಚಿಯಲ್ಲಿ ಕುಳಿತು, ಕನ್ನಡಕ ಒರೆಸಿ ಹಾಕಿಕೊಂಡು, ಎದುರಿನ ಗೋಡೆಯನ್ನು ನೋಡಿದಳು.

"ಮೂರಿಯಲ್, ನಿನ್ನ ಗಂಡ ಟೀವೀನ ಎಲ್ಲಿಟ್ಟ?"

"ರಿಪೇರಿಗೆ ಹೋಗಿದೆ," ಎಂದ ಸೆಡ್ರಿಕ್.

"ಭಾನುವಾರ ಸಾಯಂಕಾಲ ಯಾವ ಅಂಗಡಿ ತೆಗೆದಿರತ್ತೆ?" ಎಂದಳು ಮೂರಿಯಲ್. ಗಟ್ಟಿಯಾಗಿ ಹೇಳಲಿಲ್ಲ. ಗಟ್ಟಿಯಾಗಿ ಹೇಳಿದ್ದರೆ ಅವನು ಇನ್ನೊಂದು ಸುಳ್ಳು ಹೇಳುತ್ತಿದ್ದನೇನೋ. ಸೆಡ್ರಿಕ್ ಕುಸಿದು ಕುಳಿತ. ಸಂತೆ, ಪಾರಿವಾಳ, ವ್ಯಾನು, ಮಗುವಿನ ಗಾಡಿ, ಎಲ್ಲ ಹೊರಗೆ ಬಂತು. ಹೇಳುತ್ತಾ ಹೇಳುತ್ತಾ ಅವನಿಗೆ ಅಳುವೇ ಬಂತು.

ಮೂರಿಯಲ್ ಎದ್ದು ಗಡಿಯಾರದ ಹಿಂದಿನಿಂದ ಒಂದು ಕಾಗದ ತೆಗೆದು ಅವನ ತೊಡೆಯ ಮೇಲೆ ಹಾಕಿದಳು. ಬಣ್ಣದ ಟೀವಿ ಲೈಸೆನ್ಸು. ಫೆಬ್ರವರಿಯದು. ಅವನದೇ ಹೆಸರು.

"ಪೋಸ್ಟಾಫೀಸಿಗೆ ಹೋಗಿದ್ದೆ ಅಂತ ಕೋಟಿನ ಮೇಲೆ ಪುಕ್ಕ ಅಂಟಿಸ್ಕೊಂಡು ಬಂದ್ಯಲ್ಲ, ಅಂಚೆ ಪೆಟ್ಟಿಗೇಲಿ ಹಕ್ಕಿ ಸಾಕ್ತಾರಾ? ಮಾರನೇ ದಿನವೇ ಹೋಗಿ ಮಾಡಿಸ್ದೆ. ಚಳಿಗಾಲಕ್ಕೆ ಕೋಟು ತಗೋಬೇಕು ಅಂತ ಕೂಡಿಟ್ಟಿದ್ದ ದುಡ್ಡು ಅದು. ನಾಲ್ಕು ತಿಂಗಳಿಂದ ಕಾಯ್ತಾ ಇದೀನಿ, ನೀನಾಗೇ ಯಾವಾಗ ಬಾಯಿ ಬಿಡ್ತೀಯ ಅಂತ."

ಸೆಡ್ರಿಕ್‌ಗೆ ನಾಚಿಕೆಯಾಯಿತು. ಹಳೆಯ ತೇಪೆ ಕೋಟಿನಲ್ಲಿ ಚಳಿಗಾಲ ಕಳೆದ ಹೆಂಡತಿಯ ಮುಖ ನೋಡಲಾಗಲಿಲ್ಲ. ನಾಚಿಕೆಯ ಹಿಂದೆಯೇ ಸಂತೋಷ ಉಕ್ಕಿತು. ಲೈಸೆನ್ಸ್ ಇದೆ! ವ್ಯಾನಿಗೆ ಹೆದರಬೇಕಾಗಿಲ್ಲ! ಗಂಟೆ ಏಳು ಇಪ್ಪತ್ತೈದು.

"ಐದೇ ನಿಮಿಷ! ಅತ್ತೆ, ಕೂತಿರಿ, ಟೀವಿ ತಂದೆ!" ಎಂದು ಕಾಗದವನ್ನು ಬಾವುಟದ ಹಾಗೆ ಹಿಡಿದು ಓಡಿದ.

ಹದಿನಾಲ್ಕನೇ ಮನೆಯ ಬಾಗಿಲು ತೆರೆದೇ ಇತ್ತು. ಒಳಗೆ ಕ್ಲಾರೆನ್ಸ್, ಅವನ ಹೆಂಡತಿ, ನಾದಿನಿ ಮತ್ತು ಮಗುವಿನ ಆರೋಗ್ಯ ವಿಚಾರಿಸಲು ಬಂದಿದ್ದ ಶ್ರೀಮತಿ ಓಲರ್‌ಷಾ ಗೋಡೆಗೆ ಅಂಟಿಕೊಂಡು ನಿಂತಿದ್ದರು. ಮಧ್ಯದಲ್ಲಿ ವ್ಯಾನಿನ ದುಂಡುಮುಖದವನು.

"ನಂದಲ್ಲ ಸಾರ್!" ಎನ್ನುತ್ತಿದ್ದ ಕ್ಲಾರೆನ್ಸ್. "ಅಗೋ, ಅವನದು!"

"ಹೌದು, ನಂದೇ!" ಎಂದ ಸೆಡ್ರಿಕ್ ಎದೆಯುಬ್ಬಿಸಿ. "ಇಗೊಳ್ಳಿ ಲೈಸೆನ್ಸು! ಬಣ್ಣದ್ದು!"

ದುಂಡುಮುಖದವನು ನಿಧಾನವಾಗಿ ಓದಿದ.

"ಮನೇನೇ ಇಲ್ಲ ಅಂದ್ರಲ್ಲ ಸಾರ್? ಇರ್ಲಿ. ಇದು ಹನ್ನೆರಡನೇ ನಂಬರ್ ಮನೆಗೆ ಕೊಟ್ಟಿದ್ದು. ಲೈಸೆನ್ಸು ಮನೆಗೆ ಸಾರ್, ಪೆಟ್ಟಿಗೆಗಲ್ಲ. ಈ ಬೀದೀಲಿ ಲೈಸೆನ್ಸ್ ಇಲ್ಲದ್ದು ಒಂದೇ ಮನೆ, ಹದಿನಾಲ್ಕು. ಬೆಳಿಗ್ಗೆ ಹತ್ತು ಗಂಟೆಯಿಂದ ಇದಕ್ಕೇ ಕಿವಿ ಕೊಟ್ಟು ಕೂತಿದ್ದೆ. ಒಂದು ಚೂರೂ ಶಬ್ದ ಇಲ್ಲ. ಪಾಪ, ಟೀವೀನೇ ಇಲ್ಲದೋರು ಅಂತ ಬರ್ಕೊಂಡು ವ್ಯಾನ್ ತಿರುಗಿಸ್ತಾ ಇದ್ದೆ. ಅಷ್ಟರಲ್ಲಿ ಶುರುವಾಯ್ತು ನೋಡಿ, ಅದೂ ಪೂರ್ತಿ ಬಣ್ಣದಲ್ಲಿ! ಇದನ್ನ ಇಲ್ಲಿಗೆ ತಂದವರು ಯಾರು?"

ಕ್ಲಾರೆನ್ಸ್ ಸೂರು ನೋಡಿದ, ಸೆಡ್ರಿಕ್ ತನ್ನ ಬೂಟು ನೋಡಿಕೊಂಡ. ಶ್ರೀಮತಿ ಓಲರ್‌ಷಾಗೆ ಮಾತ್ರ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ.

"ಸೆಡ್ರಿಕ್ಕೇ ಕಣಪ್ಪ. ನಾನೇ ಕಣ್ಣಾರೆ ಕಂಡೆ. ಕಂಬಳಿ ಹೊದಿಸಿ ತಳ್ತಾ ಇದ್ದ."

"ಹಾಗಾದ್ರೆ ಇಬ್ಬರ ಹೆಸರೂ ಬರ್ಕೋತೀನಿ. ಪೆಟ್ಟಿಗೆ ಸಾಕ್ಷಿಗೆ ಬೇಕು."

ಅಷ್ಟರಲ್ಲಿ ಧಾರಾವಾಹಿಯ ಸಂಗೀತ ಮೊಳಗಿತು. ವಿಚಾರಣೆ ತಾನಾಗಿ ನಿಂತಿತು. ದುಂಡುಮುಖದವನೂ ಪೆನ್ಸಿಲ್ ಕಿವಿಗೆ ಸಿಕ್ಕಿಸಿಕೊಂಡು ನೋಡತೊಡಗಿದ. ಚರ್ಚಿನ ಮೆಟ್ಟಿಲು. ಕೆನೆಬಣ್ಣದ ರೇಷ್ಮೆಯ ಮದುಮಗಳು. ಒಳಗೆ ಬೆನ್ನು ತಿರುಗಿಸಿ ನಿಂತ ಒಬ್ಬ ಗಂಡಸು ಇನ್ನೇನು ಮುಖ ತೋರಿಸಬೇಕು.

"ಇವನ್ಯಾರು?" ಎಂದ ಕ್ಲಾರೆನ್ಸ್.

ಆ ಪ್ರಶ್ನೆಗೆ ಸರ್ಕಾರಕ್ಕೆ ತನ್ನ ಕೆಲಸದ ನೆನಪಾಯಿತು. ದುಂಡುಮುಖದವನು ಪ್ಲಗ್ಗು ಕಿತ್ತ. ಪರದೆ ಒಂದು ಚುಕ್ಕೆಯಾಗಿ ಆರಿಹೋಯಿತು. ಟೀವಿ ಅದೇ ಮಗುವಿನ ಗಾಡಿಯಲ್ಲಿ, ಅದೇ ಕಂಬಳಿ ಹೊದ್ದು, ವ್ಯಾನಿನ ಕಡೆ ಹೊರಟಿತು. ತಳ್ಳಿದವನು ಸೆಡ್ರಿಕ್ಕೇ.

ಅವನು ಬರಿಗೈಯಲ್ಲಿ ವಾಪಸಾದಾಗ ಹೆಂಗಸರಿಬ್ಬರೂ ಹೊಸ್ತಿಲಲ್ಲಿ ನಿಂತಿದ್ದರು. ಜೂನ್ ತಿಂಗಳ ಬೆಳಕು ಇನ್ನೂ ಹೆಂಚುಗಳ ಮೇಲಿತ್ತು. ಹನ್ನೆರಡನೇ ಮನೆಯ ಮಾಡಿನ ಮೇಲೆ, ಇನ್ನು ಯಾವ ಕೆಲಸಕ್ಕೂ ಬಾರದ ಆಂಟೆನಾದ ತುದಿಯಲ್ಲಿ, ಬೂದುಬಣ್ಣದ ಒಂದು ಪಾರಿವಾಳ ರೆಕ್ಕೆ ಮಡಚಿ ಕುಳಿತು, ಬಹಳ ದೂರದಿಂದ ಬಂದವರ ಹಾಗೆ ಎಲ್ಲರನ್ನೂ ನೋಡುತ್ತಿತ್ತು.

"ರಾಕೆಟ್..." ಎಂದ ಸೆಡ್ರಿಕ್ ಕ್ಷೀಣವಾಗಿ.

ಹೆಟ್ಟಿ ಒಳಗಿನಿಂದ ಕುರ್ಚಿ ಎಳೆದುತಂದು ಮಾಡಿಗೆ ಮುಖಮಾಡಿ ಹಾಕಿಕೊಂಡು, ಕನ್ನಡಕ ಸರಿಮಾಡಿಕೊಂಡು ಕುಳಿತಳು.

"ಅಂತೂ ಏನೋ ಒಂದು ತೋರಿಸ್ತಾ ಇದೀರಿ," ಎಂದಳು. "ಇದೂ ಕಪ್ಪುಬಿಳುಪೇ. ಅಳಿಯಂದಿರೇ, ಇದಕ್ಕಾದ್ರೂ ಲೈಸೆನ್ಸ್ ಮಾಡಿಸಿದೀರಾ?"